ಅಣ್ಣನ ಡಿಸ್ಕು, ನನ್ನ ಪುಟ್ಟ ಲ್ಯಾಪ್‌ಟಾಪು

ಮಾರ್ಚ್ ೧೪, ಗುರುವಾರ

ಒಂದು ಡಿಸ್ಕ್ ಡ್ರೈವ್ ಕೊಳ್ಳಲು ಇಷ್ಟು ಗೊಂದಲವೇ? ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಹನ್ನೊಂದು ವರ್ಷದಿಂದ, ಬಂದವರ ಕೈಗೆಲ್ಲ ಡಿಸ್ಕ್ ಕೊಟ್ಟು, "ಮನೇಲಿ ಹಾಕ್ಕೊಂಡು ನೋಡಿ" ಎಂದು ಕಳಿಸುತ್ತಿರುವವಳು ನಾನು. ಯಾವುದರಲ್ಲಿ ಹಾಕಿಕೊಳ್ಳಬೇಕು ಎಂದು ಒಂದು ದಿನವೂ ಯೋಚಿಸಿದವಳಲ್ಲ. ಈಗ ಅಣ್ಣನ ತಲೆಯ ಸ್ಕ್ಯಾನ್ ಮೇಜಿನ ಮೇಲಿದೆ, ನನ್ನ ಪುಟ್ಟ ಲ್ಯಾಪ್‌ಟಾಪಿಗೆ ಡಿಸ್ಕ್ ತೂರಿಸಲು ಜಾಗವೇ ಇಲ್ಲ.

ನನಗೆ ಗಾಬರಿಯಾಗಬಾರದೆಂದು ಅವನು ಬೇರೆ ಆಸ್ಪತ್ರೆಯಲ್ಲಿ ಮಾಡಿಸಿಕೊಂಡು ಬಂದ. ಡಾಕ್ಟರು ಸಿಗುವುದು ಸೋಮವಾರ. "ನಿಂಗೆ ನೋಡೋಕೆ ಬರುತ್ತಲ್ಲ, ನೀನೇ ಹೇಳ್ಬಿಡು" ಅಂದ. ನಮ್ಮ ಆಸ್ಪತ್ರೆಯಲ್ಲೇ ನೋಡಬಹುದಿತ್ತು. ಆದರೆ ಅಲ್ಲಿ ಪಕ್ಕದಲ್ಲಿ ನಿಂತವರು ನನ್ನ ಮುಖ ನೋಡುತ್ತಾರೆ.

ಅಂಗಡಿಯವನು ಮೂರು ಡ್ರೈವ್ ಮುಂದಿಟ್ಟ. ಒಂದು ತೆಳ್ಳಗೆ, ಒಂದು ದಪ್ಪ. ಇನ್ನೊಂದಕ್ಕೆ ಎರಡು ವೈರು, ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಒಂದೇ ತೂತು.

"ಬರೀ ಓದೋಕಾ, ಬರೆಯೋಕೂ ಬೇಕಾ ಮೇಡಂ?"

"ಬರೆಯೋದು ತಗೊಂಡ್ರೆ ಡಿಸ್ಕಲ್ಲಿ ಇರೋದನ್ನ ಬದಲಾಯಿಸ್ಬಹುದಾ?"

ನಾನೇ ಕೇಳಿದ್ದು! ದಿನಕ್ಕೆ ಮೂವತ್ತು ಡಿಸ್ಕ್ ಬರೆಯುವವಳು! ಅವನು ಪಾಪ, ಮಗುವಿಗೆ ಹೇಳುವಂತೆ ಹೇಳಿದ: "ಒಂದ್ಸಲ ಬರೆದಿದ್ದನ್ನ ಅಳಿಸಕ್ಕಾಗಲ್ಲ ಮೇಡಂ."

ಯಾವುದನ್ನೂ ಕೊಳ್ಳದೆ ಬಂದೆ. ಬಾಗಿಲು ತೆಗೆದ ಅಣ್ಣ ಮೊದಲು ನೋಡಿದ್ದು ನನ್ನ ಚೀಲವನ್ನು.

"ಸ್ಟಾಕ್ ಇಲ್ವಂತೆ" ಎಂದೆ.

"ಹೋಗ್ಲಿ ಬಿಡು" ಎಂದವನು, ನನಗಿಂತ ಮೊದಲೇ ನಿರಾಳವಾಗಿ ಉಸಿರು ಬಿಟ್ಟ.