ಒಂಬತ್ತು ಮಿಸ್ ಕಾಲ್, ನೂರಕ್ಕೆ ನೂರು

ನೂರಕ್ಕೆ ನೂರು ಕರೆಗಳಿಗೆ ಉತ್ತರಿಸಿದ ಮಾನ್ಯ ಮೇಲಧಿಕಾರಿಗಳೇ,

ಹಲವಾಗಲು ಗ್ರಾಮದ ಮಂಜಮ್ಮನ ದವಡೆ ಮುರಿದವನು ಅವಳ ಗಂಡ. ಮುರಿಯಲು ಅವನಿಗೆ ಒಂಬತ್ತು ದಿನ ಬಿಡುವು ಕೊಟ್ಟವರು ನೀವು ಮತ್ತು ನಾನು.

ನಾನು ನಿಮ್ಮ ‘ಓಗೊಡು’ ಮಹಿಳಾ ಸಹಾಯವಾಣಿಯ ಕೂಡ್ಲಿಗಿ ಕೇಂದ್ರದ ಗುತ್ತಿಗೆ ನೌಕರಳು. ಐದು ತಾಲ್ಲೂಕಿನ ಕರೆಗಳು ಇಂಟರ್ನೆಟ್ ಫೋನಿಗೆ ಬರುತ್ತವೆ. ಯಾವ ನಂಬರು, ಯಾವಾಗ, ಎಷ್ಟು ಸೆಕೆಂಡು ಎಂಬುದೆಲ್ಲ ಕಂಪ್ಯೂಟರಿನಲ್ಲಿ ತಾನಾಗಿ ದಾಖಲಾಗುತ್ತದೆ. ಪ್ರತಿ ಸೋಮವಾರ ಅದರಿಂದ ವರದಿ ತೆಗೆಯುವುದು ನನ್ನ ಕೆಲಸ. ಮೊದಲ ವರದಿಯಲ್ಲಿ ಎತ್ತದ ಕರೆಗಳ ಸಾಲು ಕಂಡು ತಮಗೆ ಮುಜುಗರವಾಯಿತು. ಎತ್ತಿದ ಕರೆಗಳನ್ನಷ್ಟೇ ತೋರಿಸಿ ಎಂದು ಸುತ್ತೋಲೆ ಬಂತು. ಎತ್ತಿದ ಕರೆಗಳಲ್ಲಿ ಎತ್ತಿದವು ಎಷ್ಟು ಎಂದರೆ ನೂರಕ್ಕೆ ನೂರಲ್ಲದೆ ಇನ್ನೇನು ಬಂದೀತು? ಆ ಅಂಕಿಗಾಗಿ ಹರಪನಹಳ್ಳಿಯಲ್ಲಿ ಶಾಲು ಹೊದಿಸಿಕೊಂಡಿರಿ. ನಾನೂ ಚಪ್ಪಾಳೆ ತಟ್ಟಿದೆ.

ನಮ್ಮ ಕಾರ್ಯಕರ್ತೆ ಪಕ್ಕೀರಮ್ಮ ಊರೂರಿಗೆ ಹೋಗಿ ಹೆಂಗಸರ ನಂಬರು, ವಿಳಾಸ ಬರೆದುಕೊಂಡು, “ಗಂಡ ಮನ್ಯಾಗಿದ್ರ ಮಾತಾಡಬ್ಯಾಡ್ರಿ, ಮಿಸ್ ಕಾಲ್ ಕೊಡ್ರಿ ಸಾಕು, ನಾವ ಬರ್ತೀವಿ” ಎಂದು ಹೇಳಿ ಬಂದಿದ್ದಳು. ನಮ್ಮ ಕಡೆ ಮಿಸ್ ಕಾಲನ್ನು ‘ಕೊಡುತ್ತಾರೆ’, ಬೇಕೆಂದೇ ಕೊಡುತ್ತಾರೆ. ನಿಮ್ಮ ಸುತ್ತೋಲೆಗೆ ಇದು ಗೊತ್ತಿತ್ತೇ? ಮಂಜಮ್ಮ ಒಂಬತ್ತು ದಿನ, ದಿನಕ್ಕೊಂದರಂತೆ, ಒಂದೇ ರಿಂಗಿಗೆ ಕತ್ತರಿಸಿ ಕೊಟ್ಟಳು. ಪಕ್ಕೀರಮ್ಮ ಯಾವ ಮನೆಗೆ ಹೋಗಬೇಕೆಂಬುದು ನನ್ನ ವರದಿಯಿಂದಲೇ ತೀರ್ಮಾನವಾಗುತ್ತದೆ. ಅದರಲ್ಲಿ ಮಂಜಮ್ಮ ಇರಲಿಲ್ಲ.

ಹತ್ತನೆಯ ದಿನ ಗಂಡ ಅವಳ ಫೋನಿನಲ್ಲಿ ನಮ್ಮ ನಂಬರು ಕಂಡ. ಒನಕೆಯಿಂದ ಬಾಯಿಗೆ ಹೊಡೆದ. ಬಿದ್ದವಳ ಬಲಗೈ ಹಿಡಿದು, ಒತ್ತಿದ ಬೆರಳು ಯಾವುದೆಂದು ಕೇಳುತ್ತ, ಒಂದೊಂದನ್ನೇ ಜಜ್ಜಿದ. ನಾನು ಆಸ್ಪತ್ರೆಗೆ ನೋಡಲು ಹೋದಾಗ ಹೊಲಿಗೆ ಹಾಕಿದ ತುಟಿಯಲ್ಲೇ ನನ್ನನ್ನು ಕೇಳಿದಳು: “ಅಕ್ಕಾರ, ದಿನಾ ಮಿಸ್ ಕಾಲ್ ಕೊಟ್ಟೀನ್ರಿ. ನಿಮಗ ಮುಟ್ಟಲಿಲ್ಲೇನ್ರಿ?”

ಮುಟ್ಟಿದ್ದವು, ಮಾನ್ಯರೇ. ಒಂಬತ್ತೂ ಮುಟ್ಟಿದ್ದವು. ವರದಿಯಿಂದ ತೆಗೆದುಹಾಕಿದವಳು ನಾನು. ಆ ಸುತ್ತೋಲೆಯನ್ನು ಉಂಡೆ ಮಾಡಿ ನಿಮ್ಮ ಗಂಟಲಿಗೆ ತುರುಕಬೇಕು, ಆ ಶಾಲಿನಲ್ಲೇ ನಿಮ್ಮ ಕುತ್ತಿಗೆ ಬಿಗಿಯಬೇಕು ಅನ್ನಿಸಿತು. ಈಗಲೂ ಅನ್ನಿಸುತ್ತಿದೆ. ನನ್ನ ಕೈಯನ್ನೂ ಆ ಒನಕೆಯ ಕೆಳಗಿಡಬೇಕು ಅನ್ನಿಸುತ್ತದೆ.

ಸುತ್ತೋಲೆಯನ್ನು ಇಂದೇ ಹರಿದು ಹಾಕಿ. ಎತ್ತದ ಕರೆಗಳ ಪಟ್ಟಿ ಪಕ್ಕೀರಮ್ಮನ ಕೈಗೆ ದಿನಕ್ಕೆರಡು ಸಲ ಸಿಗಬೇಕು. ಅವಳಿಗೊಂದು ಜೀಪು ಕೊಡಿ. ಸೋಮವಾರದವರೆಗೆ ಕಾಯಿರಿ ಎನ್ನಬೇಡಿ. ಹೊಳಲು ಗ್ರಾಮದ ಒಂದು ನಂಬರಿನಿಂದ ಭಾನುವಾರ, ಸೋಮವಾರ, ಮಂಗಳವಾರ ಮಿಸ್ ಕಾಲ್ ಬಂದಿವೆ. ಇವತ್ತು ಬಂದಿಲ್ಲ. ನಾನೂ ಪಕ್ಕೀರಮ್ಮನೂ ಹೊಳಲಿನ ಬಸ್ಸಿನಲ್ಲಿದ್ದೇವೆ.

ಇಂತಿ, ತಮ್ಮ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದ ಪಾಪಿ,
ವಾಣಿಶ್ರೀ
ಕೂಡ್ಲಿಗಿ ಕೇಂದ್ರ, ಬುಧವಾರ