ತಲೆಯ ಮೇಲೆ ಕೆಟಲ್ ನೀರು

ನವೆಂಬರ್ ೮, ಶುಕ್ರವಾರ. ಕುಮಾಗಾಯಾ, ಹೋಟೆಲ್.

ತಲೆ ಇನ್ನೂ ಧಿಂ ಎನ್ನುತ್ತಿದೆ. ಬೆಳಗಿನ ರಗ್ಬಿ ಅಭ್ಯಾಸದಲ್ಲಿ ಯಾರದೋ ಮೊಣಕಾಲು ತಲೆಗೆ ಬಡಿದು ಚೆಂಡು ಎರಡೆರಡಾಗಿ ಕಂಡಿತು. ತಂಡದ ಡಾಕ್ಟರ್ ಹಿರಾಯಾಮಾ ಕೇಳಿದಾಗ "ಏನೂ ಆಗಿಲ್ಲ" ಎಂದುಬಿಟ್ಟೆ.

ಹೇಗೆ ಹೇಳಲಿ? ಸಂಜೆ ಎಲ್ಲರೆದುರು, ನಾಳೆ ಆಡುವವರಿಗೆ ಜಪಾನ್ ತಂಡದ ಜೆರ್ಸಿ ಕೊಟ್ಟರು. ಎರಡೂ ಕೈಯಲ್ಲಿ ತಲೆಬಾಗಿ ತೆಗೆದುಕೊಂಡು ಅತ್ತುಬಿಟ್ಟೆ. ಜಪಾನ್ ಗೆದ್ದಾಗಲೆಲ್ಲ ಅದೃಷ್ಟ ಎನ್ನುವವರಿಗೆ ನಾಳೆ ಸ್ಕಾಟ್ಲೆಂಡ್ ಎದುರು ಉತ್ತರ ಕೊಡಬೇಕು.

ಧೈರ್ಯಕ್ಕೆಂದು ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರೂ ರಗ್ಬಿ ಆಡಿದವರೇ. ನಕ್ಕರು.

"ಲೋ ಹಯಾತೆ, ಇಷ್ಟಕ್ಕೆಲ್ಲಾ ಹೆದರ್ತಾರೇನೋ? ನಮ್ ಕಾಲ್ದಲ್ಲಿ ಜ್ಞಾನ ತಪ್ಪಿ ಬಿದ್ರೆ ತಲೆ ಮೇಲೆ ಒಂದು ಕೆಟಲ್ ನೀರು ಸುರೀತಿದ್ರು. ಎದ್ದು ಮತ್ತೆ ನುಗ್ತಿದ್ವಿ. ನಾನು ಅದೆಷ್ಟು ಸಲ ಎದ್ದಿದೀನೋ!"

ಎದೆ ಹಗುರಾಯಿತು. ಆಡಿಯೇಬಿಡೋಣ ಎಂದುಕೊಂಡೆ.

"ಅಂದ ಹಾಗೆ, ನಾಳೆ ಯಾರ ಜೊತೆನೋ ಮ್ಯಾಚು?"

"ಸ್ಕಾಟ್ಲೆಂಡ್, ಅಪ್ಪ."

ಒಂದೇ ಫೋನಿನಲ್ಲಿ ಅವರು ಇದನ್ನು ಕೇಳಿದ್ದು ಮೂರನೆಯ ಸಲ. ಅಪ್ಪನಿಗಿನ್ನೂ ಐವತ್ತೆಂಟು.

ಹಿರಾಯಾಮಾ ಅವರ ಕೋಣೆ ಇದೇ ಸಾಲಿನ ಕೊನೆಯದು. ಬಾಗಿಲ ಕೆಳಗೆ ಇನ್ನೂ ಬೆಳಕಿದೆ. ಜೆರ್ಸಿ ಮಡಿಸಿಯಾಯಿತು. ಈಗ ಎದ್ದು ಹೋಗಿ ಚೆಂಡು ಎರಡಾಗಿ ಕಂಡದ್ದನ್ನು ಹೇಳಿಬಿಡುತ್ತೇನೆ.