ತೊಟ್ಟಿಗೆ ಹಾಕಿದ ಮದ್ದು

ಸಾನಮಾವು,
12 ಅಕ್ಟೋಬರ್ 2025, ಭಾನುವಾರ

ಬಾಲಾಜಿಯ ಅಪ್ಪನಿಗೆ,

ಸರಳಾ ಮಾಡುವ ನಮಸ್ಕಾರ. ಪುಣೆಯಲ್ಲಿ ಆರೋಗ್ಯವಾಗಿದ್ದೀರಿ ತಾನೆ? ನೈಟ್ ಶಿಫ್ಟ್ ಮುಗಿಸಿ ಬಂದು ಬರೀ ಟೀ ಕುಡಿದು ಮಲಗುತ್ತೀರಂತೆ, ಹಾಗೆ ಮಾಡಬೇಡಿ, ಹೊಟ್ಟೆ ಕೆಡುತ್ತದೆ. ಇಲ್ಲಿ ಅತ್ತೆ ಚೆನ್ನಾಗಿದ್ದಾರೆ. ನಿಮ್ಮ ಮಗ ಒಂದನೇ ಕ್ಲಾಸಿನ ತಮಿಳು ಅಕ್ಷರ ಬರೆಯುತ್ತಾ ಕನ್ನಡದಲ್ಲಿ ಗೊಣಗುತ್ತಾನೆ. ದಿನಾ ಫೋನಿನಲ್ಲಿ ಮಾತಾಡುವವಳು ಪತ್ರ ಏಕೆ ಬರೆದಳು ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಾದರೆ ನಾನು ಬಾಯಿ ತೆರೆಯುವ ಮೊದಲೇ ನೀವು ಸಮಾಧಾನ ಮಾಡಿಬಿಡುತ್ತೀರಿ. ಈ ಸಲ ನನಗೆ ಸಮಾಧಾನ ಬೇಡ.

ಹೋದ ಮಳೆಗಾಲದಲ್ಲಿ ಬಾಲಾಜಿಗೆ ಡೆಂಗ್ಯೂ ಬಂದು ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಮಲಗಿದ್ದನ್ನು ನೀವು ಮರೆತಿರಲಿಕ್ಕಿಲ್ಲ. ಸೂಜಿ ಚುಚ್ಚುವಾಗ ನೀವು ಹೊರಗೆ ಹೋಗಿ ನಿಂತಿರಿ, ಅವನ ಕೈ ಹಿಡಿದುಕೊಂಡವಳು ನಾನು. ಅಂದಿನಿಂದ ಹಿತ್ತಿಲಿನ ಸೊಳ್ಳೆಗೂ ನನಗೂ ಹಗೆ. ‘ಬೇಕಾಯ್ತವೆ’ ಎಂದು ನೀವು ಸೀಬೆ ಮರದ ಕೆಳಗೆ ಪೇರಿಸಿದ್ದ ಹಳೇ ಟೈರುಗಳನ್ನು ಗುಜರಿಯವನಿಗೆ ಕೊಟ್ಟೆ (ಬೈದುಕೊಳ್ಳಿ, ಪರವಾಗಿಲ್ಲ). ತೆಂಗಿನ ಚಿಪ್ಪು, ಒಡೆದ ಬಕೆಟ್ಟು ಎಲ್ಲ ಹೋದವು. ಡ್ರಮ್ಮುಗಳ ಬಾಯಿಗೆ ನನ್ನ ಹಳೇ ವಾಯಿಲ್ ಸೀರೆ ಕಟ್ಟಿದೆ. ವಾರಕ್ಕೊಮ್ಮೆ ಅವನ್ನು ಖಾಲಿ ಮಾಡಿ ಒಳಗೋಡೆಯನ್ನು ನಾರಿನಿಂದ ಉಜ್ಜುತ್ತೇನೆ, ಮೊಟ್ಟೆ ಅಂಟಿಕೊಳ್ಳುವುದು ಅಲ್ಲೇ. ದನ ಕುಡಿಯುವ ಕಲ್ಲುಬಾನಿಗೆ ಗಪ್ಪಿ ಮೀನು ಬಿಟ್ಟೆ. ಪಕ್ಕದ ಮನೆಯ ನಿಮ್ಮ ಚಿಕ್ಕಪ್ಪನ ಮಗ ಕೆಂಪರಾಜು ಸುಟ್ಟ ಆಯಿಲ್ ಸುರಿಯಲು ಹೇಳಿದ. ಕರು ಬಾಯಿ ಹಾಕುವ ಜಾಗ, ಆಗುವುದಿಲ್ಲ ಎಂದೆ. ಕೊನೆಗೆ ಬಟ್ಟೆ ಒಗೆಯುವ ಸಿಮೆಂಟ್ ತೊಟ್ಟಿ ಒಂದು ಉಳಿಯಿತು. ಅದನ್ನು ಬರಿದು ಮಾಡಿದರೆ ಮತ್ತೆ ತುಂಬಲು ನಲ್ಲಿಯಲ್ಲಿ ಅಷ್ಟು ನೀರೆಲ್ಲಿ ಬರುತ್ತದೆ? ಸೊಳ್ಳೆ ಕೆಲಸಕ್ಕೆ ಮನೆಮನೆಗೆ ಬರುವ ಸಿಂಧು ಎಂಬ ಹುಡುಗಿ ಅದಕ್ಕೆ ಅಳತೆ ನೋಡಿ ಸೊಳ್ಳೆಮರಿ ಸಾಯುವ ಔಷಧಿ ಹಾಕಿದಳು. ಕುಡಿಯುವ ನೀರಿನ ಕೊಡ ಹೇಗೂ ಅಡುಗೆಮನೆಯಲ್ಲಿ ಬೇರೆ ಇದೆ. ಅವತ್ತೇ ಮಧ್ಯಾಹ್ನ ನಿಮಗೆ ಇದನ್ನೆಲ್ಲ ಹೇಳಿದೆ. ಒಳ್ಳೆಯದಾಯಿತು ಬಿಡು ಎಂದಿರಿ.

ಸಿಂಧು ತಮಿಳಿನಲ್ಲಿ ‘ಕೊಸು ಮರುಂದು’, ಅಂದರೆ ಸೊಳ್ಳೆ ಔಷಧಿ, ಎಂದಳು. ನಾನು ಬೇಲಿಯಾಚೆ ಇದ್ದ ಕೆಂಪರಾಜುವಿನ ಹೆಂಡತಿ ಸೌಮ್ಯಳಿಗೆ ‘ತೊಟ್ಟಿಗೆ ಮದ್ದು ಹಾಕ್ಸಿದೀನಿ’ ಎಂದು ಕೂಗಿ ಹೇಳಿದೆ. ಎಡವಟ್ಟಾದದ್ದು ಅಲ್ಲೇ, ಒಳಗಿದ್ದ ಅತ್ತೆಯ ಕಿವಿಗೆ ಮದ್ದು ಎಂಬ ಮಾತಷ್ಟೇ ಬಿತ್ತು. ಅತ್ತೆಯ ತವರು ಜವಳಗಿರಿ ಕಡೆ ಮದ್ದು ಎಂದರೆ ಒಂದೇ, ಸೊಸೆಯಾದವಳು ಮನೆಯವರನ್ನು ಮುಷ್ಟಿಯೊಳಗೆ ಇಟ್ಟುಕೊಳ್ಳಲು ಊಟದಲ್ಲಿ ಬೆರೆಸುವಂಥದ್ದು. ಅದೇ ಸಂಜೆ, ನಾಮಕರಣದ ಮನೆಯ ಬೋಂಡ ಹೊಟ್ಟೆ ಕೆಡಿಸಿ ಅವರಿಗೆ ವಾಂತಿಯಾಯಿತು. ನಿಮಗೆ ಫೋನ್ ಹಚ್ಚಿಸಿಕೊಂಡು ನನ್ನೆದುರಿಗೇ ಹೇಳಿದರು: ‘ನಿನ್ ಹೆಂಡ್ತಿ ನಂಗೆ ಮದ್ದು ಇಕ್ಬುಟ್ಟವ್ಳೆ ಕಣ್ಲಾ ಲಕ್ಷ್ಮೀಪತಿ.’ ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಮರುದಿನ ಸಿಂಧು ಬಂದು ತೊಟ್ಟಿಯ ಹತ್ತಿರ ಕೂರಿಸಿಕೊಂಡು ವಿವರಿಸಿದ ಮೇಲೆ, ಅತ್ತೆ ತಲೆ ಚಚ್ಚಿಕೊಂಡು ನಕ್ಕು, ನಾನು ಮಾಡಿದ ಗಂಜಿಯನ್ನು ಎರಡು ಸಲ ಹಾಕಿಸಿಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಂದದ್ದನ್ನು ಎದುರಿಗೇ ಅಂದರು.

ನೀವು ಅಂದದ್ದು ಬೇರೆ. ‘ಅಮ್ಮನ ಮಾತು ಬಿಟ್ಟಾಕು, ನೀನು ಎಂಥವಳು ಅಂತ ನಂಗೊತ್ತಿಲ್ವಾ?’ ಆ ಒಂದು ಮಾತಿಗೆ ನಾನು ಎಷ್ಟು ಹಿಗ್ಗಿದೆ ಎಂದರೆ, ಮರುದಿನ ಬೆಳಿಗ್ಗೆ, ಸಿಂಧು ಬರುವ ಮೊದಲೇ, ಕೆಂಪರಾಜು ಖಾಲಿ ಬಾಟಲಿ ಹಿಡಿದು ಬಂದು ತೋಟಕ್ಕೆ ಹೊರಟಿದ್ದೇನೆ, ಕುಡಿಯಲು ನೀರು ಕೊಡಿ ಅತ್ತಿಗೆ ಎಂದಾಗ ನನಗೆ ಏನೂ ಹೊಳೆಯಲಿಲ್ಲ. ಕೊಡದಿಂದ ನಾನೇ ತುಂಬಿಸಿ, ಮುಚ್ಚಳ ಬಿಗಿ ಮಾಡಿ ಕೊಟ್ಟೆ. ಆ ನೀರು ತೋಟಕ್ಕೆ ಹೋಗಲಿಲ್ಲ, ಹೊಸೂರಿನ ಲ್ಯಾಬಿಗೆ ಹೋಯಿತು. ಅವನಿಗೆ ಹೇಳಿ ಕಳಿಸಿದವರು ನೀವು. ಅಲ್ಲಿಂದ ಉತ್ತರ ಬರುವವರೆಗೆ ದಿನವೂ ಫೋನ್ ಮಾಡಿ ಊಟ ಆಯಿತಾ, ಏನು ಸಾರು, ಅಮ್ಮ ಉಂಡಳಾ ಎಂದು ಕೇಳಿದಿರಿ. ನಾನು ಅದನ್ನು ಪ್ರೀತಿ ಎಂದುಕೊಂಡು ಹುರುಳಿ ಸಾರು, ಸೊಪ್ಪಿನ ಸಾರು ಎಂದು ಒಪ್ಪಿಸುತ್ತಾ ಹೋದೆ. ನೀರಿನಲ್ಲಿ ಏನೂ ಇಲ್ಲ ಎಂದು ಗೊತ್ತಾದ ಮೇಲೆ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಕೊರಿಯರಿನಲ್ಲಿ ಒಂದು ಸೀರೆ ಬಂತು. ಅದನ್ನು ಉಟ್ಟು, ನಮ್ಮವರು ಕಳಿಸಿದ್ದು ಎಂದು ಹೇಳಿಕೊಂಡು ಊರೆಲ್ಲ ತಿರುಗಿದೆ. ಮೊನ್ನೆ ಸೌಮ್ಯ ಅದರ ಸೆರಗನ್ನು ಮುಟ್ಟಿ ನೋಡಿ, ತಡೆಯಲಾರದೆ ಎಲ್ಲ ಹೇಳಿಬಿಟ್ಟಳು. ಅವಳ ಮುಂದೆ ನನಗಾದ ನಾಚಿಕೆಯನ್ನು ಬರೆಯಲು ಆಗುತ್ತಿಲ್ಲ.

ಆ ಕೊಡದ ನೀರನ್ನೇ ಬಾಲಾಜಿ ಕುಡಿಯುತ್ತಿದ್ದ. ನಿಜವಾಗಿ ಅನುಮಾನವಿದ್ದರೆ, ಮಗುವಿಗೆ ಆ ನೀರು ಕೊಡಬೇಡ ಎಂದು ಒಂದು ಮಾತು ಹೇಳಬೇಕಿತ್ತು. ಅನುಮಾನವಿಲ್ಲದಿದ್ದರೆ ಲ್ಯಾಬು ಏಕೆ ಬೇಕಿತ್ತು? ಎರಡು ರಾತ್ರಿಯಿಂದ ಹೀಗೂ ಹಾಗೂ ಯೋಚಿಸಿದ್ದೇನೆ, ಯಾವ ಕಡೆಯಿಂದ ನೋಡಿದರೂ ನೀವು ನನಗೆ ಮೋಸ ಮಾಡಿದ್ದೀರಿ. ನನ್ನನ್ನು ಕೇಳಬಹುದಿತ್ತು. ಬೈದು ಕೇಳಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಬಾಲಾಜಿ ನಿಮ್ಮ ಟೈರುಗಳ ಬದಲಿಗೆ ಸೈಕಲ್ ತರಬೇಕಂತೆ. ಅಲ್ಲೂ ಸೊಳ್ಳೆಗಳು ಇದ್ದೇ ಇರುತ್ತವೆ, ಪರದೆ ಕಟ್ಟಿಕೊಂಡು ಮಲಗಿ.

ಇಂತಿ,
ಸರಳಾ

ಇನ್ನೊಂದು ಮಾತು. ದೀಪಾವಳಿಗೆ ಬರುತ್ತೀರಂತೆ, ಬನ್ನಿ. ಲ್ಯಾಬಿನ ವಿಷಯ ಅತ್ತೆಗೆ ಗೊತ್ತಿಲ್ಲ, ನಾನು ಹೇಳುವುದೂ ಇಲ್ಲ. ಆದರೆ ಈ ಸಲ ನಿಮಗೆ ಅಡುಗೆ ಮಾಡಿ ಬಡಿಸುವುದು ಅವರೇ. ನನ್ನ ಕೈಯಿಂದ ನಿಮ್ಮ ಎಲೆಗೆ ಒಂದು ತುತ್ತೂ ಬೀಳುವುದಿಲ್ಲ. ಏಕೆ ಎಂದು ಅವರು ಕೇಳಿಯೇ ಕೇಳುತ್ತಾರೆ. ನೀವೇ ಹೇಳಿ.